ಬೆನ್ನು ನೋಡುವವರು ಯಾರು?

ಬೀದರ್ ಜಿಲ್ಲೆಯಲ್ಲಿ ಲಕ್ವಾ ಹೊಡೆದವರು, ಸೊಂಟ ಮುರಿದುಕೊಂಡ ಮುದುಕಿಯರು, ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಎತ್ತರದಿಂದ ಬಿದ್ದ ಕಾರ್ಮಿಕರು ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಔರಾದ್ ಅಥವಾ ಭಾಲ್ಕಿಯ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಬೀದರಿನ ಬ್ರಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಲ್ಲಿಗೂ ಮುಗಿಯದಿದ್ದರೆ ಹೈದರಾಬಾದ್ ಇಲ್ಲವೇ ಕಲಬುರಗಿ. ಈ ದಾರಿಯ ಪ್ರತಿ ನಿಲ್ದಾಣದಲ್ಲೂ ರೋಗಿಯ ಬಿಪಿ ಬರೆದುಕೊಳ್ಳುತ್ತಾರೆ, ಶುಗರ್ ನೋಡುತ್ತಾರೆ, ಇಸಿಜಿ ತೆಗೆಯುತ್ತಾರೆ, ಸ್ಕ್ಯಾನ್‌ಗೆ ಕಳಿಸುತ್ತಾರೆ. ಇಷ್ಟೆಲ್ಲ ಆಗುವಾಗ ರೋಗಿ ಬೆನ್ನ ಮೇಲೆ ಮಲಗಿಯೇ ಇರುತ್ತಾನೆ, ಆ ಬೆನ್ನನ್ನು ಮಾತ್ರ ಯಾರೂ ನೋಡುವುದಿಲ್ಲ. ನಾಲ್ಕನೆಯದೋ ಐದನೆಯದೋ ದಿನ ಬಟ್ಟೆ ಬದಲಿಸುವಾಗ ಬಾಲಮೂಳೆಯ ಮೇಲೆ ಅಂಗೈಯಗಲ ಕಪ್ಪು ಕಲೆಯೊಂದು ಕಣ್ಣಿಗೆ ಬೀಳುತ್ತದೆ. ಆಗ ಮನೆಯವರು ದವಾಖಾನೆಯನ್ನೂ, ದವಾಖಾನೆಯವರು ಹಿಂದಿನ ದವಾಖಾನೆಯನ್ನೂ ದೂರುತ್ತಾರೆ. ಇಲ್ಲಿ ಹೇಳಹೊರಟಿರುವುದು ಇಷ್ಟು: ಬೆಡ್‌ಸೋರ್ ಎಂದು ನಾವು ಕರೆಯುವ ಈ ಹುಣ್ಣು ಕಣ್ಣಿಗೆ ಬೀಳುವ ಎರಡು-ಮೂರು ದಿನ ಮೊದಲೇ ಹುಟ್ಟಿರುತ್ತದೆ. ಅದನ್ನು ತಡೆಯುವುದಾದರೆ ಭರ್ತಿಯಾದ ದಿನವೇ ತಡೆಯಬೇಕು. ನಮ್ಮ ಆಸ್ಪತ್ರೆಗಳ ಈಗಿನ ಸ್ಥಿತಿಯಲ್ಲಿ ಆ ಕೆಲಸ ಮಾಡುವ ಕೈಗಳು ಬಹುಪಾಲು ಮಂಚದ ಪಕ್ಕದಲ್ಲಿ ಕೂತ ಮನೆಯವರದೇ ಆಗಿರುವುದರಿಂದ, ಅವರಿಗೆ ಅದನ್ನು ಮೊದಲ ದಿನವೇ ಕಲಿಸಿಕೊಡುವುದು ಚಿಕಿತ್ಸೆಯ ಭಾಗವಾಗಬೇಕು.

ಹುಣ್ಣು ಹೇಗೆ ಹುಟ್ಟುತ್ತದೆ ಎಂಬುದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಚರ್ಮದಡಿಯ ಕೂದಲೆಳೆಗಿಂತ ಸಣ್ಣ ರಕ್ತನಾಳಗಳಲ್ಲಿ ರಕ್ತದ ಒತ್ತಡ ಬಹಳ ಕಡಿಮೆ. 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಉಗುರಿನ ಬುಡದ ನಾಳಗಳಲ್ಲಿ ಅಳೆದಾಗ ಸುಮಾರು 32 ಮಿಲಿಮೀಟರ್ ಪಾದರಸದಷ್ಟು ಸಿಕ್ಕಿತು. ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿದವರ ಬಾಲಮೂಳೆಯಡಿ, ಹಿಮ್ಮಡಿಯಡಿ ಬೀಳುವ ಭಾರ ಇದನ್ನು ಸುಲಭವಾಗಿ ಮೀರುತ್ತದೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ನಿಲ್ಲುತ್ತದೆ. 1959ರಲ್ಲಿ ಕೋಸಿಯಾಕ್ ಎಂಬ ವೈದ್ಯರು ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದು ಒತ್ತಡಕ್ಕೂ ಸಮಯಕ್ಕೂ ಇರುವ ಲೆಕ್ಕ. ಭಾರ ಹೆಚ್ಚಿದ್ದರೆ ಸ್ವಲ್ಪ ಹೊತ್ತು ಸಾಕು, ಭಾರ ಕಡಿಮೆಯಿದ್ದರೂ ಬಹಳ ಹೊತ್ತು ಬಿಟ್ಟರೆ ಹಾನಿ ಅಷ್ಟೇ. ಆರೋಗ್ಯವಂತರು ನಿದ್ದೆಯಲ್ಲೂ ಮಗ್ಗಲು ಬದಲಿಸುತ್ತಿರುತ್ತಾರೆ, ಆದ್ದರಿಂದ ಅವರಿಗೆ ಈ ಲೆಕ್ಕ ಗೊತ್ತೇ ಆಗುವುದಿಲ್ಲ. ಲಕ್ವಾ ಹೊಡೆದವರಿಗೆ ಹೊರಳಲು ಶಕ್ತಿಯಿಲ್ಲ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ನೋವೇ ತಿಳಿಯುವುದಿಲ್ಲ, ಅರಿವಳಿಕೆಯಲ್ಲಿರುವವರಿಗೆ ಎರಡೂ ಇಲ್ಲ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ: ಒತ್ತಡಕ್ಕೆ ಚರ್ಮಕ್ಕಿಂತ ಮೊದಲು ಸಾಯುವುದು ಒಳಗಿನ ಮಾಂಸಖಂಡ. ಮೂಳೆಯ ಬುಡದಲ್ಲಿ ಕೊಳೆತದ್ದು ಮೇಲಕ್ಕೆ ಕಾಣಿಸಿಕೊಳ್ಳಲು 48ರಿಂದ 72 ಗಂಟೆ ಬೇಕಾಗಬಹುದು. ಅಂದರೆ ಗುರುವಾರ ಹೈದರಾಬಾದಿನ ವಾರ್ಡಿನಲ್ಲಿ ಕಂಡ ಹುಣ್ಣು ಸೋಮವಾರ ಇಲ್ಲಿನ ಸ್ಟ್ರೆಚರಿನ ಮೇಲೋ, ಸ್ಕ್ಯಾನ್ ಕೋಣೆಯ ಹೊರಗಿನ ಪಾಳಿಯಲ್ಲೋ ಶುರುವಾಗಿರಬಹುದು.

ಹುಣ್ಣನ್ನು ತಡೆಯಬಹುದು ಎಂಬ ಮಾತಿಗೆ ಮೊದಲ ಆಕ್ಷೇಪ ಮನೆಯವರಿಂದಲೂ ಕೆಲವೊಮ್ಮೆ ವೈದ್ಯರಿಂದಲೂ ಬರುತ್ತದೆ: ವಯಸ್ಸಾಗಿದೆ, ಮೈಯಲ್ಲಿ ಕಸುವಿಲ್ಲ, ಮಲಗಿದಲ್ಲೇ ಮಲಗಿದ್ದಾರೆ, ಹುಣ್ಣು ಆಗದೆ ಇರುತ್ತದೆಯೇ? ಈ ವಾದ ಹಳೆಯದು, ದೊಡ್ಡವರೂ ಇದನ್ನು ನಂಬಿದ್ದರು. 19ನೆಯ ಶತಮಾನದ ಫ್ರಾನ್ಸಿನ ಹೆಸರಾಂತ ನರವೈದ್ಯ ಶಾರ್ಕೋ, ನರಕ್ಕೆ ಪೆಟ್ಟು ಬಿದ್ದರೆ ಹುಣ್ಣು ತಾನಾಗಿಯೇ ಬರುತ್ತದೆ, ಅದು ಸಾವಿನ ಮುನ್ಸೂಚನೆ ಎಂದು ಕಲಿಸುತ್ತಿದ್ದರು. ಆದರೆ ಅದಕ್ಕೂ ಮೊದಲೇ, 1850ರ ದಶಕದಲ್ಲಿ, ಬ್ರೌನ್-ಸೆಕಾರ್ ಎಂಬ ವೈದ್ಯರು ಬೆನ್ನುಹುರಿ ಕತ್ತರಿಸಿದ ಪ್ರಾಣಿಗಳನ್ನು ಒತ್ತಡ ಬೀಳದಂತೆ, ಮಲಮೂತ್ರ ಸೋಕದಂತೆ ಇಟ್ಟರೆ ಹುಣ್ಣೇ ಆಗುವುದಿಲ್ಲ ಎಂದು ತೋರಿಸಿದ್ದರು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ ಬೆಡ್‌ಸೋರನ್ನು ರೋಗದ ಲೆಕ್ಕಕ್ಕೆ ಹಾಕದೆ ಆರೈಕೆಯ ಲೋಪದ ಲೆಕ್ಕಕ್ಕೆ ಹಾಕಿದರು. ವಾದ ನಿಜವಾಗಿ ಬಗೆಹರಿದದ್ದು 1944ರ ನಂತರ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ತುಂಡಾದ ಸೈನಿಕರಿಗೆಂದೇ ವಾರ್ಡ್ ತೆರೆದು, ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರನ್ನೂ ಹೊರಳಿಸುವ ಪದ್ಧತಿ ತಂದರು. ಅದಕ್ಕೂ ಮೊದಲು ಇಂಥ ರೋಗಿಗಳು ಹುಣ್ಣಿನ ನಂಜಿನಿಂದಲೋ ಮೂತ್ರದ ಸೋಂಕಿನಿಂದಲೋ ತಿಂಗಳುಗಳಲ್ಲಿ ಸಾಯುತ್ತಿದ್ದರು. ಹೊಸ ಪದ್ಧತಿಯಿಂದ ಅವರು ಬದುಕುಳಿಯತೊಡಗಿದರು. ಅಂಥವರಿಗಾಗಿ ಆ ಆಸ್ಪತ್ರೆಯ ಅಂಗಳದಲ್ಲಿ 1948ರಲ್ಲಿ ನಡೆದ ಬಿಲ್ಲುಗಾರಿಕೆಯ ಪಂದ್ಯವೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು. ಹಾಗೆಂದು ನೂರಕ್ಕೆ ನೂರು ತಡೆಯಬಹುದು ಎಂದರೆ ಅದೂ ಸುಳ್ಳು. ಕೊನೆಯ ದಿನಗಳಲ್ಲಿರುವವರಿಗೆ, ಬಿಪಿ ಕುಸಿದು ಔಷಧಿಯ ಮೇಲೆ ಉಸಿರು ಹಿಡಿದವರಿಗೆ ಎಷ್ಟು ಮಾಡಿದರೂ ಕೆಲವೊಮ್ಮೆ ಚರ್ಮ ಒಡೆಯುತ್ತದೆ. ಆದರೆ ಆ ಕೆಲವರ ಹೆಸರು ಹೇಳಿ ಉಳಿದವರನ್ನೂ ಕೈಬಿಡುವುದು ನ್ಯಾಯವಲ್ಲ.

ಯಾರಿಗೆ ಅಪಾಯ ಎಂದು ಗುರುತಿಸಲು ಯಂತ್ರ ಬೇಡ. ಡೋರೀನ್ ನಾರ್ಟನ್ ಎಂಬ ಬ್ರಿಟಿಷ್ ನರ್ಸ್ 1962ರಲ್ಲಿ ಐದೇ ಪ್ರಶ್ನೆಗಳ ಒಂದು ಅಳತೆ ಕೊಟ್ಟರು. ಮೈಯ ಸ್ಥಿತಿ ಹೇಗಿದೆ, ಪ್ರಜ್ಞೆ ಹೇಗಿದೆ, ಎದ್ದು ಓಡಾಡುತ್ತಾರೆಯೇ, ಮಲಗಿದಲ್ಲಿ ತಾವೇ ಹೊರಳುತ್ತಾರೆಯೇ, ಮಲಮೂತ್ರದ ಹಿಡಿತ ಇದೆಯೇ. ಒಂದೊಂದಕ್ಕೂ 1ರಿಂದ 4 ಅಂಕ. ಒಟ್ಟು 20ರಲ್ಲಿ 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ. ಇಂದು ನರ್ಸಿಂಗ್ ಕಾಲೇಜುಗಳಲ್ಲಿ ಹೆಚ್ಚಾಗಿ ಕಲಿಸುವುದು 1987ರ ಬ್ರೇಡನ್ ಅಳತೆ, ಅದರಲ್ಲಿ ಊಟವೂ ಉಜ್ಜಾಟವೂ ಸೇರಿವೆ. ಮನೆಯವರಿಗೆ ಅಂಕಗಳ ಗೊಡವೆ ಬೇಡ. ನಿಮ್ಮ ರೋಗಿ ಸಹಾಯವಿಲ್ಲದೆ ಮಗ್ಗಲು ಬದಲಿಸಲಾರರು ಎಂದಾದರೆ ಅಲ್ಲಿಗೆ ಸಾಕು, ಅಂದಿನಿಂದಲೇ ಕೆಲಸ ಶುರು.

ಮೊದಲ ಕೆಲಸ ನೋಡುವುದು. ಇದು ಹೇಳಿದಷ್ಟು ಸುಲಭವಲ್ಲ, ಏಕೆಂದರೆ ಈ ಹುಣ್ಣು ಹುಟ್ಟುವ ಜಾಗ ಸಂಕೋಚ ಮುಚ್ಚಿಡುವ ಜಾಗ. ಮಾವನ ಪಕ್ಕದಲ್ಲಿ ಹಗಲೆಲ್ಲ ಕೂರುವವಳು ಸೊಸೆ. ಆಕೆ ಊಟ ಮಾಡಿಸುತ್ತಾಳೆ, ಮಾತ್ರೆ ಕೊಡುತ್ತಾಳೆ, ಆದರೆ ಧೋತರ ಸರಿಸಿ ಬಾಲಮೂಳೆ ನೋಡುವುದಿಲ್ಲ, ನೋಡು ಎಂದು ಹೇಳುವವರೂ ಇಲ್ಲ. ತಾಯಿಯ ಬಳಿ ಮಗ ಇದ್ದರೂ ಅದೇ ಕತೆ. ಆದ್ದರಿಂದ ದಿನಕ್ಕೆ ಎರಡು ಸಲ, ಬೆಳಿಗ್ಗೆ ಮೈ ಒರೆಸುವಾಗ ಮತ್ತು ರಾತ್ರಿ ಮಲಗಿಸುವಾಗ, ಯಾರು ನೋಡಬೇಕು ಎಂಬುದನ್ನು ಮೊದಲ ದಿನವೇ ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಆಗುವವರಿಲ್ಲದಿದ್ದರೆ ಪರದೆ ಎಳೆದು ನೋಡಿ ಎಂದು ಸಿಸ್ಟರ್‌ಗೆ ಕೇಳುವುದರಲ್ಲಿ ನಾಚಿಕೆಯೇನಿಲ್ಲ. ನೋಡಬೇಕಾದ ಜಾಗಗಳು ಬಾಲಮೂಳೆ, ಎರಡೂ ಕುಂಡಿಯ ಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ, ಕಾಲಿನ ಗೆಣ್ಣು, ಭುಜದ ಹಲಗೆ, ಮೊಣಕೈ, ತಲೆಯ ಹಿಂಭಾಗ, ಕಿವಿ. ಆಕ್ಸಿಜನ್ ಮಾಸ್ಕಿನ ಪಟ್ಟಿ ಕಿವಿಯ ಹಿಂದೆ ಒತ್ತಿರುವ ಜಾಗ, ಮೂಗಿನ ನಳಿಗೆ ತಾಗಿದ ಹೊಳ್ಳೆ, ತೊಡೆಯಡಿ ಸಿಕ್ಕಿಬಿದ್ದ ಮೂತ್ರದ ಪೈಪು, ಪ್ಲಾಸ್ಟರಿನ ಅಂಚು, ಕೊರಳ ಪಟ್ಟಿಯಡಿಯ ಗಲ್ಲ ಇವನ್ನೂ ಮರೆಯಬೇಡಿ.

ಏನು ನೋಡಬೇಕು ಎಂಬಲ್ಲಿ ಪುಸ್ತಕಗಳು ನಮಗೆ ಸ್ವಲ್ಪ ದಾರಿ ತಪ್ಪಿಸಿವೆ. ಬೆಳ್ಳಗಿನ ಮೈಯವರ ದೇಶಗಳಲ್ಲಿ ಬರೆದ ಪಾಠಗಳು ಕೆಂಪು ಕಲೆ ಹುಡುಕಿ, ಬೆರಳಿಂದ ಒತ್ತಿ, ಬೆಳ್ಳಗಾಗದಿದ್ದರೆ ಅದು ಮೊದಲ ಹಂತ ಎನ್ನುತ್ತವೆ. ನಮ್ಮ ಕಡೆಯ ಬಿಸಿಲಲ್ಲಿ ದುಡಿದ ಕಪ್ಪು ಮೈಯ ಮೇಲೆ ಆ ಕೆಂಪು ಕಾಣುವುದೇ ಇಲ್ಲ. ಇಲ್ಲಿ ಕಣ್ಣಿಗಿಂತ ಕೈ ಹೆಚ್ಚು ಹೇಳುತ್ತದೆ. ಬೆರಳ ಹಿಂಬದಿಯಿಂದ ಮುಟ್ಟಿ ಸುತ್ತಲಿನ ಚರ್ಮಕ್ಕೆ ಹೋಲಿಸಿ ನೋಡಿ. ಆ ಜಾಗ ಬಿಸಿಯಾಗಿದೆಯೇ, ತಣ್ಣಗಿದೆಯೇ, ಗಟ್ಟಿ ಕಟ್ಟಿದೆಯೇ, ಹಿಟ್ಟಿನ ಹಾಗೆ ಮೆತ್ತಗಾಗಿದೆಯೇ? ಉಳಿದ ಮೈಗಿಂತ ಅಲ್ಲಿ ಬಣ್ಣ ನೇರಳೆಗೋ ಇನ್ನೂ ಕಪ್ಪಿಗೋ ತಿರುಗಿದೆಯೇ? ಮುಟ್ಟಿದರೆ ರೋಗಿ ಮುಖ ಕಿವುಚುತ್ತಾರೆಯೇ? ಹೀಗೆ ಯಾವುದಾದರೂ ಕಂಡರೆ ಆ ಬದಿಯ ಮೇಲೆ ಮತ್ತೆ ಮಲಗಿಸದೆ ಅರ್ಧ ಗಂಟೆ ಬಿಟ್ಟು ನೋಡಿ. ಬದಲಾಗದಿದ್ದರೆ ಸಿಸ್ಟರ್‌ಗೆ ತೋರಿಸಿ, ಕೇಸ್ ಶೀಟಿನಲ್ಲಿ ಬರೆಸಿ. ನೀರುಗುಳ್ಳೆ ಎದ್ದಿದ್ದರೆ ಒಡೆಯಬೇಡಿ.

ಎರಡನೆಯದು ಹೊರಳಿಸುವುದು. ಎಷ್ಟು ಹೊತ್ತಿಗೊಮ್ಮೆ ಎಂಬುದರಲ್ಲಿ ವೈದ್ಯಲೋಕದಲ್ಲೇ ಚರ್ಚೆಯಿದೆ. ಗುಟ್‌ಮನ್ ಕಾಲದಿಂದ ಬಂದ ಎರಡು ಗಂಟೆಯ ಲೆಕ್ಕ ಎಲ್ಲ ವಾರ್ಡುಗಳ ಗೋಡೆಯ ಮೇಲಿದೆ. ಆದರೆ 2013ರಲ್ಲಿ ಅಮೆರಿಕ ಮತ್ತು ಕೆನಡಾದ ವೃದ್ಧಾಶ್ರಮಗಳ 942 ಜನರ ಮೇಲೆ ನ್ಯಾನ್ಸಿ ಬರ್ಗ್‌ಸ್ಟ್ರಾಮ್ ತಂಡ ನಡೆಸಿದ ಅಧ್ಯಯನದಲ್ಲಿ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿದ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯೂ 2014ರಲ್ಲಿ ಅಪಾಯವಿರುವವರಿಗೆ ಕನಿಷ್ಠ ಆರು ಗಂಟೆಗೊಮ್ಮೆ, ಹೆಚ್ಚಿನ ಅಪಾಯದವರಿಗೆ ನಾಲ್ಕು ಗಂಟೆಗೊಮ್ಮೆ ಎಂದಿತು. ಇದನ್ನು ಓದಿ ನಮ್ಮಲ್ಲೂ ಸಡಿಲ ಬಿಡಬಹುದು ಎಂದುಕೊಳ್ಳುವವರು ಒಂದು ಮಾತು ಗಮನಿಸಬೇಕು. ಆ ವೃದ್ಧಾಶ್ರಮಗಳಲ್ಲಿ ಎಲ್ಲರೂ ಮಲಗಿದ್ದದ್ದು ಒತ್ತಡ ಹಂಚುವ ದಪ್ಪ ಫೋಮ್ ಹಾಸಿಗೆಯ ಮೇಲೆ. ನಡುವೆ ಕುಸಿದ ತೆಂಗಿನ ನಾರಿನ ಹಾಸಿಗೆ, ಅದರ ಮೇಲೆ ರೆಕ್ಸಿನ್, ಅದರ ಮೇಲೊಂದು ಮುದುಡಿದ ಚಾದರ ಇರುವ ಮಂಚಕ್ಕೆ ಆ ಫಲಿತಾಂಶ ಅನ್ವಯಿಸುವುದಿಲ್ಲ. ಒಳ್ಳೆಯ ಹಾಸಿಗೆ ಇದ್ದರೆ ಮೂರು-ನಾಲ್ಕು ಗಂಟೆ, ಇಲ್ಲದಿದ್ದರೆ ಎರಡೇ ಗಂಟೆ ಎಂದು ಹಿಡಿಯುವುದು ಸುರಕ್ಷಿತ. ಕುರ್ಚಿಯಲ್ಲಿ ಕೂರಿಸಿದಾಗ ಇನ್ನೂ ಬೇಗ, ಕಾಲು-ಅರ್ಧ ಗಂಟೆಗೊಮ್ಮೆ ಭಾರ ಸರಿಸಬೇಕು. ಕೂತಾಗ ಇಡೀ ಮೈಯ ಭಾರ ಎರಡು ಸಣ್ಣ ಮೂಳೆಗಳ ಮೇಲೆಯೇ ಬೀಳುತ್ತದೆ.

ಹೊರಳಿಸುವ ಬಗೆ ಒಮ್ಮೆ ಕೈಗೆ ಹತ್ತಿದರೆ ಐದು ನಿಮಿಷದ ಕೆಲಸ. ಹತ್ತಿಯ ಒಂದು ಚಾದರವನ್ನು ನಾಲ್ಕು ಮಡಿಕೆ ಮಾಡಿ, ಹೆಗಲಿನಿಂದ ತೊಡೆಯವರೆಗೆ ಬರುವಂತೆ ರೋಗಿಯ ಕೆಳಗೆ ಅಡ್ಡಲಾಗಿ ಹಾಸಿಟ್ಟುಕೊಳ್ಳಿ. ಮಂಚದ ಎರಡೂ ಬದಿಗೆ ಒಬ್ಬೊಬ್ಬರು ನಿಂತು ಚಾದರದ ಅಂಚನ್ನು ಮೈಯ ಹತ್ತಿರದವರೆಗೆ ಸುರುಳಿ ಸುತ್ತಿ ಹಿಡಿದು, ಒಂದೇ ಎಣಿಕೆಗೆ ಎತ್ತಿ ಸರಿಸಬೇಕು. ಕಂಕುಳಿಗೆ ಕೈ ಹಾಕಿ ಎಳೆಯಬಾರದು. ಎಳೆದಾಗ ಚರ್ಮ ಹಾಸಿಗೆಗೆ ಅಂಟಿ ಅಲ್ಲೇ ಉಳಿಯುತ್ತದೆ, ಮೂಳೆ ಮುಂದೆ ಹೋಗುತ್ತದೆ, ನಡುವಿನ ರಕ್ತನಾಳಗಳು ತಿರುಚಿ ಹರಿಯುತ್ತವೆ. ಪೂರ್ತಿ ಮಗ್ಗಲಿಗೆ ತಿರುಗಿಸಿದರೆ ಭಾರವೆಲ್ಲ ಸೊಂಟದ ಬದಿಯ ಮೂಳೆಗೆ ಬೀಳುತ್ತದೆ. ಆದ್ದರಿಂದ ಸುಮಾರು 30 ಡಿಗ್ರಿಯಷ್ಟೇ ವಾಲಿಸಿ, ಹೆಗಲಿನಿಂದ ಕುಂಡಿಯವರೆಗೆ ಬೆನ್ನಿನ ಹಿಂದೆ ದಿಂಬು ಒತ್ತಿಕೊಡಿ. ಮನೆಯಿಂದ ತಂದ ಕೌದಿಯನ್ನು ಉದ್ದಕ್ಕೆ ಮಡಿಸಿದರೂ ಆಗುತ್ತದೆ, ಆದರೆ ಹೊಲಿಗೆಯ ದಪ್ಪ ಅಂಚು ಮೈಗೆ ತಾಗದಿರಲಿ. ಎರಡು ಮೊಣಕಾಲುಗಳ ನಡುವೆ ಇನ್ನೊಂದು ದಿಂಬು. ಸರಿಯಾಗಿದೆಯೇ ಎಂದು ತಿಳಿಯಲು ಬಾಲಮೂಳೆಯಡಿ ಅಂಗೈ ತೂರಿಸಿ, ಕೈ ಸಲೀಸಾಗಿ ಹೋಗಬೇಕು. ಹಿಮ್ಮಡಿಗೆ ಬೇರೆ ಉಪಾಯ: ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ತೇಲಿಬಿಡಿ, ಮೊಣಕಾಲು ತುಸು ಮಡಿಚಿರಲಿ. ಶುಗರ್ ಇರುವವರ ಹಿಮ್ಮಡಿಗೆ ಇದು ತಪ್ಪಬಾರದು. ಅವರಿಗೆ ನೋವು ತಿಳಿಯದು, ಗಾಯ ಬೇಗ ಮಾಯದು.

ತಲೆದಿಸೆ ಎತ್ತುವ ವಿಷಯದಲ್ಲಿ ಎರಡು ಒಳ್ಳೆಯ ಸಲಹೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಮಂಚದ ತಲೆದಿಸೆ 30 ಡಿಗ್ರಿಗಿಂತ ಮೇಲಿದ್ದರೆ ರೋಗಿ ಕೆಳಕ್ಕೆ ಜಾರುತ್ತಾನೆ, ಬಾಲಮೂಳೆಯ ಚರ್ಮ ತಿರುಚುತ್ತದೆ. ಆದರೆ ಮೂಗಿನ ನಳಿಗೆಯಿಂದ ಗಂಜಿ ಕೊಡುವಾಗ ತಲೆ ಎತ್ತಿರದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುವ ಭಯ. ಇದಕ್ಕೆ ದಾರಿ, ಮೊದಲು ಮೊಣಕಾಲಡಿ ದಿಂಬಿಟ್ಟು ಆಮೇಲೆ ತಲೆದಿಸೆ ಎತ್ತುವುದು. ಊಟವಾಗಿ ಅರ್ಧದಿಂದ ಒಂದು ಗಂಟೆ ಹಾಗೇ ಬಿಟ್ಟು, ನಂತರ 30 ಡಿಗ್ರಿಗೆ ಇಳಿಸಿ ಮಗ್ಗಲಿಗೆ ವಾಲಿಸುವುದು.

"ಏರ್‌ಬೆಡ್ ತಂದು ಹಾಕೀವಲ್ರೀ, ಮತ್ತ ಯಾಕ ಹೊಳ್ಳಿಸ್ಬೇಕು?" ಈ ಪ್ರಶ್ನೆ ವಾರ್ಡುಗಳಲ್ಲಿ ಸಾಮಾನ್ಯ. ಪ್ರಶ್ನೆ ತಪ್ಪಲ್ಲ, ಕೆಲವು ಸಾವಿರ ಕೊಟ್ಟು ತಂದವರು ಕೇಳಲೇಬೇಕು. ಗಾಳಿ ತುಂಬುತ್ತ ಇಳಿಯುತ್ತ ಇರುವ ಹಾಸಿಗೆ ಒತ್ತಡದ ಜಾಗವನ್ನು ಬದಲಿಸುತ್ತದೆ, ಸಾದಾ ಹಾಸಿಗೆಗಿಂತ ಅದು ಖಂಡಿತ ಮೇಲು. ಆದರೆ ಅದು ಕೊಡುವುದು ಸಮಯದ ಸಾಲ, ಹೊರಳಿಸುವ ಕೆಲಸವನ್ನು ರದ್ದು ಮಾಡುವುದಿಲ್ಲ. ಹಿಮ್ಮಡಿಗೆ ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಎಲ್ಲೋ ಒಂದು ಸೂಜಿ ಚುಚ್ಚಿದರೆ ಗಾಳಿ ಸೋರುತ್ತದೆ, ಮೇಲೆ ಮೂರು ಕೌದಿ ಹಾಸಿದರೆ ಅದು ಇದ್ದೂ ಇಲ್ಲದಂತೆ. ದಿನಕ್ಕೊಮ್ಮೆ ಸೊಂಟದ ಕೆಳಗೆ ಕೈ ಹಾಕಿ ಮೂಳೆ ಮಂಚದ ಹಲಗೆಗೆ ತಾಗುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿ. ಏರ್‌ಬೆಡ್ ಮೇಲೆ ಒಂದೇ ತೆಳು ಹತ್ತಿ ಬಟ್ಟೆ ಸಾಕು.

ವಾರ್ಡುಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕೆಲವು ಉಪಚಾರಗಳನ್ನು ಬಿಡಬೇಕಾಗಿದೆ. ಬೆನ್ನಿಗೆ ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಹಾಕುವುದನ್ನು ಬಹಳ ಕಾಲ ಒಳ್ಳೆಯ ಶುಶ್ರೂಷೆ ಎಂದೇ ಕಲಿಸಲಾಗಿತ್ತು. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ, ಪೌಡರ್ ಬೆವರಿನಲ್ಲಿ ಗಂಟುಕಟ್ಟಿ ಉಜ್ಜುತ್ತದೆ, ಆಗಲೇ ರಕ್ತ ಕಡಿಮೆಯಾದ ಜಾಗವನ್ನು ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಹರಿಯುತ್ತದೆ. ನಡುವೆ ತೂತಿರುವ ರಬ್ಬರ್ ರಿಂಗಿನ ಮೇಲೆ ಕೂರಿಸುವುದೂ ಹಾಗೆಯೇ. ತೂತಿನ ಸುತ್ತಲಿನ ಅಂಚು ರಕ್ತವನ್ನು ತಡೆದು, ಯಾವ ಜಾಗ ಉಳಿಸಬೇಕೆಂದಿದ್ದೆವೋ ಅದಕ್ಕೇ ಹಾನಿ ಮಾಡುತ್ತದೆ. ಕೈಗವಸಿಗೆ ನೀರು ತುಂಬಿ ಹಿಮ್ಮಡಿಯಡಿ ಇಡುವುದರಿಂದಲೂ ಲಾಭವಿಲ್ಲ.

ಬೀದರಿನ ಬೇಸಿಗೆಯಲ್ಲಿ, ಉಷ್ಣಾಂಶ 40 ಡಿಗ್ರಿ ಮುಟ್ಟುವ ಏಪ್ರಿಲ್-ಮೇ ತಿಂಗಳಲ್ಲಿ, ರೆಕ್ಸಿನ್ ಮೇಲೆ ಮಲಗಿದವರ ಬೆನ್ನು ಸದಾ ತೇವವಾಗಿರುತ್ತದೆ. ತೇವದ ಚರ್ಮ ಮೆತ್ತಗಾಗಿ, ಒಣ ಚರ್ಮ ತಡೆಯುವಷ್ಟು ಉಜ್ಜಾಟವನ್ನು ತಡೆಯದು. ರೆಕ್ಸಿನ್ ಹಾಸಿಗೆ ಉಳಿಸಲು ಬೇಕು ನಿಜ, ಆದರೆ ಅದರ ಮೇಲೆ ಹಳೆಯ ಹತ್ತಿ ಸೀರೆಯೋ ಧೋತರವೋ ಸುಕ್ಕಿಲ್ಲದಂತೆ ಹಾಸಿ, ಒದ್ದೆಯಾದ ಕೂಡಲೇ ಬದಲಿಸಬೇಕು. ಡೈಪರ್ ಕಟ್ಟಿದ್ದರೆ ತುಂಬುವವರೆಗೆ ಕಾಯಬೇಡಿ. ಮಲ ತಾಗಿದ ಚರ್ಮವನ್ನು ನೀರು ಮತ್ತು ಸೌಮ್ಯ ಸೋಪಿನಿಂದ ತೊಳೆದು, ತಿಕ್ಕದೆ ಒತ್ತಿ ಒರೆಸಿ, ಜಿಂಕ್ ಇರುವ ಕ್ರೀಮ್ ಅಥವಾ ವ್ಯಾಸಲಿನ್ ತೆಳ್ಳಗೆ ಸವರಿ. ಡೆಟಾಲ್ ಬೇಡ.

ಊಟದ ಮಾತು ಸ್ವಲ್ಪ ವಿವರವಾಗಿಯೇ ಆಗಬೇಕು, ಏಕೆಂದರೆ ಇಲ್ಲಿ ಎರಡು ತಪ್ಪು ನಂಬಿಕೆಗಳು ರೋಗಿಯನ್ನು ಉಪವಾಸ ಕೆಡವುತ್ತಿವೆ. ಒಂದು, ಗ್ಲೂಕೋಸ್ ಬಾಟಲಿ ಹತ್ತಿದ್ದರೆ ಊಟ ಆದಂತೆ ಎಂಬುದು. ಶೇಕಡ 5ರ ಗ್ಲೂಕೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, 100 ಕ್ಯಾಲೊರಿಗಿಂತ ಹೆಚ್ಚಿಲ್ಲ, ಪ್ರೋಟೀನ್ ಶೂನ್ಯ. ಹುಣ್ಣಿನ ಅಪಾಯವಿರುವ, ಸೊರಗಿದ ರೋಗಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 30ರಿಂದ 35 ಕ್ಯಾಲೊರಿ, 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು 2014ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು. 50 ಕಿಲೋ ತೂಗುವವರಿಗೆ ಅದು 1500 ಕ್ಯಾಲೊರಿ, 60 ಗ್ರಾಂ ದಾಟಿದ ಪ್ರೋಟೀನ್. ಇನ್ನೊಂದು ನಂಬಿಕೆ, ತೊಗರಿಬೇಳೆ, ಮೊಟ್ಟೆ, ಶೇಂಗಾ ತಿಂದರೆ ನಂಜಾಗಿ ಕೀವು ತುಂಬುತ್ತದೆ ಎಂಬುದು. ಕೀವು ಬರುವುದು ಸೋಂಕಿನಿಂದ, ಬೇಳೆಯಿಂದಲ್ಲ. ಗಾಯ ಮಾಯಲು ಬೇಕಾದ ಸಾಮಾನು ಇರುವುದೇ ಆ ಪದಾರ್ಥಗಳಲ್ಲಿ. ಎರಡು ಮೊಟ್ಟೆಯಿಂದ 12 ಗ್ರಾಂ, ಎರಡು ಲೋಟ ಹಾಲಿನಿಂದ ಅಷ್ಟೇ, ಎರಡು ಬಟ್ಟಲು ಗಟ್ಟಿ ಬೇಳೆಯಿಂದ 14, ಎರಡು ಜೋಳದ ರೊಟ್ಟಿಯಿಂದ ಸುಮಾರು 10 ಗ್ರಾಂ ಪ್ರೋಟೀನ್ ಸಿಗುತ್ತದೆ. ಬಾಕಿ ಬೀಳುವುದನ್ನು ತುಂಬಲು ಈ ಜಿಲ್ಲೆಯ ಹೊಲಗಳಲ್ಲೇ ಸೋಯಾ ಇದೆ. ಔರಾದ್, ಭಾಲ್ಕಿಯ ರೈತರು ಅದನ್ನು ಬೆಳೆದು ಮಾರುತ್ತಾರೆ, ಮನೆಯ ಅಡುಗೆಗೆ ಬಳಸುವುದು ಅಪರೂಪ. 100 ಗ್ರಾಂ ಸೋಯಾದಲ್ಲಿ 36 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ಹುರಿದು ಬೀಸಿದ ಒಂದು ಹಿಡಿ ಹಿಟ್ಟನ್ನು ಜೋಳದ ಹಿಟ್ಟಿಗೆ ಬೆರೆಸಿದರೂ, ನುಂಗಲಾರದವರ ಗಂಜಿಗೆ ಕಲಸಿದರೂ ಲೆಕ್ಕ ಸರಿಹೋಗುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು.

ಈಗ ಗಟ್ಟಿ ಆಕ್ಷೇಪಕ್ಕೆ ಬರೋಣ. ಇದೆಲ್ಲ ನರ್ಸುಗಳ ಕೆಲಸವಲ್ಲವೇ? ಮನೆಯವರ ಮೇಲೆ ಹೊರಿಸಿದರೆ ಸರ್ಕಾರದ ಹೊಣೆ ತಪ್ಪಿಸಿದಂತೆ ಆಗುವುದಿಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ಬೇರೆ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು. ರಾತ್ರಿ ಪಾಳಿಯಲ್ಲಿ ಯಾವುದೇ ಸರ್ಕಾರಿ ವಾರ್ಡಿಗೆ ಹೋಗಿ ಬಂದವರಿಗೆ ಆ ಮಾನದಂಡ ಎಷ್ಟು ದೂರವಿದೆ ಎಂದು ಗೊತ್ತು. ಸುಮ್ಮನೆ ಒಂದು ಲೆಕ್ಕ ಹಾಕಿ. 30 ಹಾಸಿಗೆಯ ವಾರ್ಡಿನಲ್ಲಿ ತಾವಾಗಿ ಹೊರಳಲಾರದವರು ಆರು ಜನ ಎಂದುಕೊಳ್ಳಿ. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ 72 ಸಲ ಹೊರಳಿಸಬೇಕು. ಒಂದೊಂದಕ್ಕೆ ಇಬ್ಬರು, ಐದು ನಿಮಿಷ. ಎಂಟು ಗಂಟೆಯ ಪಾಳಿಯಲ್ಲಿ ಇಬ್ಬರು ಸಿಬ್ಬಂದಿಯ ಎರಡೆರಡು ಗಂಟೆ ಇದಕ್ಕೇ ಬೇಕು. ಇಂಜೆಕ್ಷನ್, ಡ್ರಿಪ್, ಹೊಸ ಭರ್ತಿ, ದಾಖಲೆ ಬರೆಯುವುದು ಎಲ್ಲದರ ನಡುವೆ ಇದು ಇಬ್ಬರೇ ಇರುವಲ್ಲಿ ಸಾಗದ ಮಾತು. ನರ್ಸುಗಳ ಸಂಖ್ಯೆ ಹೆಚ್ಚಬೇಕು, ಅದನ್ನು ಕೇಳುತ್ತಲೇ ಇರಬೇಕು. ಆದರೆ ನೇಮಕಾತಿ ಆಗುವವರೆಗೆ ಬಾಲಮೂಳೆ ಕಾಯುವುದಿಲ್ಲ. ಮನೆಯವರು ಈಗಲೂ ಅಲ್ಲೇ ಇದ್ದಾರೆ, ಗ್ಯಾಲರಿಯಲ್ಲಿ ಚಾಪೆ ಹಾಸಿ ಮಲಗಿದ್ದಾರೆ, ಹೇಗೋ ಏನೋ ಮಾಡುತ್ತಲೂ ಇದ್ದಾರೆ. ಕಲಿಸದೆ ಮಾಡಿಸುತ್ತಿರುವುದೇ ಈಗಿನ ವ್ಯವಸ್ಥೆ. ಕಲಿಸಿ ಮಾಡಿಸಿದರೆ ಸರ್ಕಾರದ ಹೊಣೆ ಕಡಿಮೆಯಾಗುವುದಿಲ್ಲ, ರೋಗಿಯ ಹುಣ್ಣು ಕಡಿಮೆಯಾಗುತ್ತದೆ.

ಆಸ್ಪತ್ರೆಗಳು ಇದಕ್ಕಾಗಿ ಹಣ ಸುರಿಯಬೇಕಿಲ್ಲ. ಭರ್ತಿಯಾದ ಆರೇಳು ಗಂಟೆಯೊಳಗೆ ಬೆನ್ನು ನೋಡಿ ಒಂದು ಸಾಲು ಬರೆಯುವುದು ಸ್ವತಃ ಆಸ್ಪತ್ರೆಗೇ ರಕ್ಷಣೆ. ಹುಣ್ಣು ಹೊತ್ತು ಬಂದ ರೋಗಿಯ ಅಪವಾದ ಅದರ ತಲೆಗೆ ಬರುವುದಿಲ್ಲ. ಮಂಚದ ಕಾಲಿಗೆ ಗಡಿಯಾರದ ಚಿತ್ರವಿರುವ ಹಾಳೆಯೊಂದನ್ನು ಕಟ್ಟಿ ಎಡ, ಬಲ, ಅಂಗಾತ ಎಂದು ಬಾಣ ಹಾಕಿದರೆ ಓದುಬಾರದವರಿಗೂ ತಿಳಿಯುತ್ತದೆ. ಕನ್ನಡ, ಮರಾಠಿ, ಉರ್ದು, ಲಂಬಾಣಿ ಎಲ್ಲ ಕೇಳಿಬರುವ ಔರಾದಿನಂಥ ಕಡೆ ಅಕ್ಷರಕ್ಕಿಂತ ಚಿತ್ರವೇ ವಾಸಿ. ಒಬ್ಬ ರೋಗಿಗೆ ಒಬ್ಬರೇ ಅಟೆಂಡರ್ ಎಂಬ ನಿಯಮವನ್ನು ಇಂಥ ರೋಗಿಗಳಿಗೆ ಸಡಿಲಿಸಬೇಕು. 70 ಕಿಲೋ ತೂಕದ ಗಂಡನನ್ನು ಹೆಂಡತಿಯೊಬ್ಬಳೇ ನಡುರಾತ್ರಿ ಹೇಗೆ ಎತ್ತಿಯಾಳು? ಐಸಿಯುಗಳಲ್ಲಿ ಮನೆಯವರನ್ನು ಒಳಗೇ ಬಿಡುವುದಿಲ್ಲ, ಅಲ್ಲಿ ಪೂರ್ತಿ ಹೊಣೆ ಆಸ್ಪತ್ರೆಯದು, ಅಲ್ಲಿ ಮೇಲಿನ ರಿಯಾಯಿತಿ ಯಾವುದೂ ಸಲ್ಲದು. ನಮ್ಮ ದೇಶದ ಆಸ್ಪತ್ರೆ ಗುಣಮಟ್ಟ ಮಂಡಳಿ ಎನ್‌ಎಬಿಎಚ್ ಕೂಡ ಭರ್ತಿಯಾದ ಮೇಲೆ ಆಗುವ ಬೆಡ್‌ಸೋರ್‌ಗಳ ಲೆಕ್ಕವನ್ನು ಗುಣಮಟ್ಟದ ಸೂಚಕಗಳಲ್ಲಿ ಸೇರಿಸಿದೆ. ಅಮೆರಿಕದ ಮೆಡಿಕೇರ್ ವಿಮೆ 2008ರ ಅಕ್ಟೋಬರಿನಿಂದ, ಆಸ್ಪತ್ರೆಯಲ್ಲಿ ಹುಟ್ಟಿ ಆಳಕ್ಕಿಳಿದ, ಅಂದರೆ ಮೂರು ಮತ್ತು ನಾಲ್ಕನೆಯ ಹಂತದ ಹುಣ್ಣಿನ ಹೆಚ್ಚುವರಿ ಖರ್ಚನ್ನು ಕೊಡುವುದನ್ನೇ ನಿಲ್ಲಿಸಿತು. ಅಂಥ ದಂಡ ಇಲ್ಲಿಗೆ ತಂದರೆ ಹುಣ್ಣು ಮುಚ್ಚಿಡುವುದು ಹೆಚ್ಚೀತು ಎಂಬುದು ನನ್ನ ಅನುಮಾನ. ಬರೆದಿಟ್ಟ ನರ್ಸನ್ನು ಬೈಯದೆ ಇರುವುದೇ ಸದ್ಯಕ್ಕೆ ದೊಡ್ಡ ಸುಧಾರಣೆ.

ಹೊರಳಿಸಿದರೆ ನೋವಾಗುತ್ತದೆ, ಮೂಳೆ ಜರುಗುತ್ತದೆ, ನಿದ್ದೆ ಕೆಡುತ್ತದೆ ಎಂಬ ಹಿಂಜರಿಕೆಯೂ ಸುಳ್ಳಲ್ಲ. ಬೆನ್ನುಮೂಳೆ ಮುರಿದಿರುವ ಸಂಶಯವಿದ್ದರೆ ವೈದ್ಯರ ಅಪ್ಪಣೆ ಇಲ್ಲದೆ ಮನೆಯವರು ಹೊರಳಿಸಲೇಬಾರದು. ಅವರನ್ನು ತಲೆ, ಕೊರಳು, ಸೊಂಟ ಒಂದೇ ದಿಮ್ಮಿಯಂತೆ ಮೂರ್ನಾಲ್ಕು ಜನ ಸೇರಿ ತಿರುಗಿಸುವ ಪದ್ಧತಿ ಬೇರೆಯಿದೆ, ಅದನ್ನು ತರಬೇತಿ ಆದವರೇ ಮಾಡಬೇಕು. ಸೊಂಟದ ಮೂಳೆ ಮುರಿದ ವೃದ್ಧರಿಗೆ ನಿಜವಾದ ತಡೆ ಬೇಗ ಆಪರೇಷನ್ ಆಗುವುದು, 48 ಗಂಟೆಯೊಳಗೆ ಆದರೆ ಉತ್ತಮ. ಅಲ್ಲಿಯವರೆಗೂ ಪೂರ್ತಿ ಹೊರಳಿಸದೆ ಒಂದು ಬದಿಗೆ ತೆಳು ದಿಂಬು ತೂರಿಸಿ ತೆಗೆಯುವುದು, ಹಿಮ್ಮಡಿ ತೇಲಿಸುವುದು ಸಾಧ್ಯ. ವೈದ್ಯರನ್ನು ಕೇಳಿ ಮಾಡಿ. ನೋವಿನ ಮಾತ್ರೆ ಕೊಟ್ಟ ಅರ್ಧ ಗಂಟೆಯ ನಂತರ ಹೊರಳಿಸಿದರೆ ಕಷ್ಟ ಕಡಿಮೆ. ರಾತ್ರಿಯ ನಿದ್ದೆಗೆ, ಒಳ್ಳೆಯ ಹಾಸಿಗೆ ಇದ್ದು ಚರ್ಮ ಚೆನ್ನಾಗಿದ್ದರೆ, ಅಂತರವನ್ನು ನಾಲ್ಕು ಗಂಟೆಗೆ ಹಿಗ್ಗಿಸಬಹುದು.

ದೂರದ ಊರಿಗೆ ಸಾಗಿಸುವಾಗಿನ ಎಚ್ಚರ ಬೇರೆ. ಬೀದರಿನಿಂದ ಹೈದರಾಬಾದಿಗೆ ಮೂರು ಗಂಟೆ ಹಿಡಿದರೂ, ಹೊರಡುವ ಮುನ್ನ ಸ್ಟ್ರೆಚರಿನ ಮೇಲೆ ಕಾದದ್ದು, ಅಲ್ಲಿ ಹಾಸಿಗೆ ಸಿಗುವವರೆಗೆ ಕಾದದ್ದು ಸೇರಿದರೆ ಅರ್ಧ ದಿನ ಅಂಗಾತವೇ ಕಳೆಯುತ್ತದೆ. ಆಂಬುಲೆನ್ಸಿನ ಗಟ್ಟಿ ಹಲಗೆಯ ಮೇಲೆ ಮಡಿಸಿದ ಕೌದಿ, ಮೀನಖಂಡದಡಿ ದಿಂಬು ಇರಲಿ. ಜೇಬಿನಲ್ಲಿದ್ದ ಮೊಬೈಲ್, ಬೀಗದ ಕೈ, ದಪ್ಪ ಉಡಿದಾರ, ಸೊಂಟದಡಿಯ ಸೀರೆಯ ಗಂಟು ತೆಗೆಯಿರಿ. ರೆಫರ್ ಚೀಟಿಯಲ್ಲಿ ಬೆನ್ನಿನ ಸ್ಥಿತಿ ಒಂದು ಸಾಲು ಬರೆಸಿಕೊಳ್ಳಿ. ಗಾಯ ಇದ್ದರೆ ಅದರ ಫೋಟೋ, ತಾರೀಖಿನೊಡನೆ ಮನೆಯವರ ಮೊಬೈಲಿನಲ್ಲಿರಲಿ.

ಡಿಸ್ಚಾರ್ಜ್ ದಿನ ಗಡಿಬಿಡಿಯಲ್ಲಿ ಬಿಲ್ಲು, ಮಾತ್ರೆಗಳ ಮಾತಷ್ಟೇ ಆಗುತ್ತದೆ. ಅಂದು ಸಿಸ್ಟರ್ ಎದುರಿನಲ್ಲಿ ನೀವೇ ಒಮ್ಮೆ ಹೊರಳಿಸಿ ತೋರಿಸಿ, ತಪ್ಪಿದ್ದರೆ ಅವರು ತಿದ್ದಲಿ. ಮಂಚಕ್ಕೆ ಕಟ್ಟಿದ್ದ ಹಾಳೆಯನ್ನು ಮನೆಗೆ ಒಯ್ಯಿರಿ. ಊರಿನ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ಗೆ ರೋಗಿ ಮನೆಗೆ ಬಂದ ಸುದ್ದಿ ತಿಳಿಸಿ, ಬಂದು ಬೆನ್ನು ನೋಡಲು ಹೇಳಿ. ಏರ್‌ಬೆಡ್ ಕೊಳ್ಳಲು ಆಗದಿದ್ದರೆ ದಪ್ಪ ಫೋಮ್ ಹಾಸಿಗೆ ಹಾಕಿ. ಹಗ್ಗದ ಹೊರಸಿನ ಮೇಲೆ ಮಲಗಿಸಿದರೆ ನಡುವೆ ಕುಸಿದು ಭಾರವೆಲ್ಲ ಬಾಲಮೂಳೆಗೇ ಬೀಳುತ್ತದೆ. ಚರ್ಮ ಒಡೆದರೆ ಅರಿಸಿನ, ಬೂದಿ, ಸೊಪ್ಪಿನ ರಸ ಹಚ್ಚದೆ ಉಪ್ಪುನೀರಿನಿಂದ, ಅಂದರೆ ಅಂಗಡಿಯಲ್ಲಿ ಸಿಗುವ ಸಲೈನಿನಿಂದ, ತೊಳೆದು ಸ್ವಚ್ಛ ಬಟ್ಟೆ ಮುಚ್ಚಿ ತೋರಿಸಿ. ಜ್ವರ, ದುರ್ವಾಸನೆ, ಗಾಯದ ಸುತ್ತ ಹಬ್ಬುವ ಬಿಸಿ, ಒಳಗೆ ಮೂಳೆ ಕಾಣುವುದು, ಇದ್ದಕ್ಕಿದ್ದಂತೆ ಮಂಕಾಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.